ಇಸ್ತ್ರಿ ಕೈ ಮತ್ತು ಹಲ್ಲಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಹೋಟೆಲುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಯಾರ್ಯಾರೋ ಹೊರಳಾಡಿ ಎದ್ದ ಹೊದಿಕೆ ಎಲ್ಲ ಒಗೆದು ಬಂದ ಮೇಲೆ ಮುದುರು ಬಿಡಿಸುವುದು ಅವಳ ಕೆಲಸ. ಸಂಜೆಯ ಹೊತ್ತಿಗೆ ಅಂಗೈ ಕೆಂಪಗಾಗಿ ಕಾದಿರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿನ ಹಿರಿಯಳೊಬ್ಬಳು ಹೇಳಿದ್ದಳು: "ಇಸ್ತ್ರಿ ಮಾಡಿದ ಕೈನ ತಣ್ಣೀರಿಗೆ ಹಿಡೀಬೇಡ ಕಣೆ. ಗೆಣ್ಣು ಹಿಡ್ಕೊಂಡ್ರೆ ಬೆರಳು ಮಡಚೋಕಾಗಲ್ಲ. ಆಮೇಲೆ ಯಾರು ಕೂರಿಸಿ ಊಟ ಹಾಕ್ತಾರೆ?" ಆ ಮಾತನ್ನು ಅವಳು ಒಮ್ಮೆಯೂ ಮೀರಿರಲಿಲ್ಲ. ಮನೆಗೆ ಬಂದರೆ ಕೈ ತಾನಾಗಿ ಆರಬೇಕು, ಆಮೇಲೆಯೇ ಪಾತ್ರೆ.

ಗಂಡ ಇದಕ್ಕೂ ಮೂಗು ಮುರಿಯುತ್ತಿದ್ದ. "ಏಯ್, ಮಹಾರಾಣಿ ಕೈ ಇನ್ನೂ ಆರಿಲ್ವಾ?" ಮದುವೆಯಾದಂದಿನಿಂದ ಅವಳಿಗೆ ಅವನಿಟ್ಟ ಹೆಸರು ಅದೊಂದೇ, ಏಯ್. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದವನು. ಕಂಡವರ ಬಾಗಿಲಲ್ಲಿ ಬೆಣ್ಣೆಯಂತೆ ಮಾತಾಡಿ, ಉಳಿದ ಸಿಡುಕನ್ನೆಲ್ಲ ಜೋಪಾನವಾಗಿ ಮನೆಗೆ ತರುತ್ತಿದ್ದ.

ಅವನು ನಿವೃತ್ತನಾದ ವರ್ಷ ಮೇಲಿನ ಮನೆಯವರು ಊರು ಬಿಟ್ಟರು. ಹೋಗುವಾಗ ಗಾಜಿನ ಪೆಟ್ಟಿಗೆಯೊಂದನ್ನು ಅವನಿಗೆ ಕೊಟ್ಟು ಹೋದರು. ಒಳಗೆ ಹಳದಿ ಮೈಯ, ಕಪ್ಪು ಚುಕ್ಕೆಯ, ದಪ್ಪ ಬಾಲದ ಹಲ್ಲಿ. ಗೋಡೆ ಹತ್ತುವ ಜಾತಿಯಲ್ಲ, ಕಣ್ಣಿಗೆ ರೆಪ್ಪೆಯೂ ಇತ್ತು. ಪೆಟ್ಟಿಗೆಯ ಒಂದು ಬದಿಯ ಕೆಳಗೆ ಕರೆಂಟಿನಿಂದ ಕಾಯುವ ಹಾಳೆ, ಇನ್ನೊಂದು ಬದಿ ತಂಪು. ತಿನ್ನಲು ಜೀವಂತ ಮಿಡತೆಯೇ ಆಗಬೇಕು, ಅದಕ್ಕೂ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಹೆಂಡತಿಗೆ ಜ್ವರ ಬಂದರೆ ಮಾತ್ರೆ ಎಲ್ಲಿದೆಯೆಂದು ಗೊತ್ತಿರದ ಮನುಷ್ಯ ಇದನ್ನೆಲ್ಲ ಕಲಿತುಬಿಟ್ಟ. "ಬಂಗಾರ, ಬಾರೋ ಮರಿ" ಎಂದು ಗಾಜಿಗೆ ಮುಖ ಒತ್ತಿ ಕರೆಯುತ್ತಿದ್ದ. ಇವನ ಬಾಯಲ್ಲಿ ಇಂಥ ಮಾತೂ ಇತ್ತೇ ಎಂದು ಅವಳು ಒಗ್ಗರಣೆ ಸೀಯುವವರೆಗೆ ನಿಂತು ನೋಡಿದಳು.

ಮಂಡಿ ಆಪರೇಷನ್ನಿಗೆ ಅವನು ಆಸ್ಪತ್ರೆ ಸೇರಿದಾಗ ಹಲ್ಲಿ ಅವಳ ಪಾಲಿಗೆ ಬಂತು. ದಿನಾ ಫೋನು.

"ಮರಿ ಊಟ ಮಾಡ್ತಾ?"

"ಮಾಡ್ತು ರೀ."

"ಸರಿ, ಇಡು."

ನೀನು ಉಂಡೆಯಾ ಎಂದು ಕೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಹಲ್ಲಿಯೆಂದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಒಂದು ಸಂಜೆ ಕೈ ಆರುವ ಮೊದಲೇ ಮಿಡತೆ ಹಾಕಲು ಮುಚ್ಚಳ ತೆಗೆದಳು. ಹಲ್ಲಿ ಮಿಡತೆಯನ್ನು ಬಿಟ್ಟು ನಿಧಾನವಾಗಿ ಅವಳ ಅಂಗೈ ಹತ್ತಿತು. ಹೊಟ್ಟೆ ಊರಿ ಮಲಗಿ ಕಣ್ಣು ಮುಚ್ಚಿತು. ಕೂಗಿಕೊಳ್ಳಬೇಕೆಂದಿದ್ದವಳು ಉಸಿರು ಬಿಗಿಹಿಡಿದು ಕೂತಳು. ಆ ಪುಟ್ಟ ಎದೆಯ ಬಡಿತ ಅಂಗೈಗೆ ತಿಳಿಯುತ್ತಿತ್ತು. ತನ್ನ ಕೈಯನ್ನು ಕೆಲಸಕ್ಕಲ್ಲದೆ ಬೇರೆ ಯಾತಕ್ಕಾದರೂ ಯಾರಾದರೂ ಬಯಸಿದ್ದು ಅವಳಿಗೆ ನೆನಪಿರಲಿಲ್ಲ. ತೋಳು ಜೋಮು ಹಿಡಿದರೂ ಅವಳು ಕದಲಲಿಲ್ಲ. ಮರುದಿನದಿಂದ ಲಾಂಡ್ರಿಯಿಂದ ಬರುವ ಅವಳ ನಡಿಗೆಯೇ ಬೇರೆಯಾಯಿತು. ಕೈ ಆರಿಹೋದೀತೆಂದು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು.

ಗಂಡ ಕೋಲೂರಿಕೊಂಡು ಮನೆಗೆ ಬಂದ. ಹಲ್ಲಿ ಅವಳ ಕೈಯಲ್ಲಿ ಮಲಗಿದ್ದನ್ನು ನೋಡಿ ಅವನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಏನು ಮಾಟ ಮಾಡಿದೀಯೆ ಅದಕ್ಕೆ?"

"ಏನಿಲ್ಲ ರೀ. ಕೈ ಬೆಚ್ಚಗಿರುತ್ತಲ್ಲ, ಅದಕ್ಕೆ."

"ಸಾಕಿದ್ದು ನಾನು. ಇಳಿಸು ಕೆಳಗೆ."

ಅಂದಿನಿಂದ ಅವಳು ಪೆಟ್ಟಿಗೆ ಮುಟ್ಟುವಂತಿಲ್ಲ ಎಂದಾಯಿತು. ಅವನು ದಿನವೂ ಕೈ ಇಳಿಬಿಟ್ಟು ಕಾದ. ತಣ್ಣಗಿನ ಒಣ ಕೈ. ಹಲ್ಲಿ ಪೆಟ್ಟಿಗೆಯೊಳಗಿನ ಕಲ್ಲಿನ ಸಂದಿಯಿಂದ ಹೊರಗೆ ಬರಲಿಲ್ಲ. ಅವಳು ಒಳಗೆ ಬಂದ ಸದ್ದಾದರೆ ಮಾತ್ರ ತಲೆ ಹಾಕುತ್ತಿತ್ತು, ಅಥವಾ ಹಾಗೆಂದು ಇಬ್ಬರಿಗೂ ತೋರುತ್ತಿತ್ತು. ಕೊನೆಗೊಂದು ದಿನ ಅವನು ರೇಗಿ, ಕಲ್ಲು ಸರಿಸಿ, ಅದನ್ನು ಬಾಚಿ ಹಿಡಿದ. ಹಲ್ಲಿ ಬಾಲ ಕಳಚಿ ತಪ್ಪಿಸಿಕೊಂಡಿತು. ಬಾಲ ಅವನ ಮುಷ್ಟಿಯಲ್ಲಿ ಒಂದೇ ಸಮನೆ ಹೊರಳಾಡಿತು.

"ಎಲ್ಲಾ ನಿನ್ನಿಂದ" ಎಂದ.

ಹೊಸ ಬಾಲ ಮೂಲಂಗಿ ಗೆಡ್ಡೆಯ ಹಾಗೆ ಮೊಂಡಾಗಿ ಬಂತು. ನೋಡಲು ಬಂದವರು ನಕ್ಕರು. ಮರಿ, ಬಂಗಾರ ಎಲ್ಲ ನಿಂತು, ಹಲ್ಲಿಯೂ ಏಯ್ ಆಯಿತು.

ಒಂದು ಸಂಜೆ ಅಭ್ಯಾಸದಂತೆ ಸೆರಗಿನಲ್ಲಿ ಕೈ ಸುತ್ತಿಕೊಂಡು ಬಂದಾಗ ಮೇಜು ಖಾಲಿ. ಗಾಜಿನ ಪೆಟ್ಟಿಗೆಯಿದ್ದ ಜಾಗದಲ್ಲಿ ಧೂಳು ಕೂರದ ಚೌಕ ಮಾತ್ರ ಉಳಿದಿತ್ತು.

"ಕೊಟ್ಟುಬಿಟ್ಟೆ" ಎಂದ ಗಂಡ, ಪತ್ರಿಕೆಯಿಂದ ತಲೆಯೆತ್ತದೆ.

"ಯಾರಿಗೆ?"

"ಯಾರಿಗಾದ್ರೆ ನಿನಗೇನು? ಮೊಂಡು ಬಾಲದ್ದು."

ಅವರು ಅದನ್ನು ಬೆಚ್ಚಗೆ ಇಡುತ್ತಾರೋ ಇಲ್ಲವೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವನು ಪತ್ರಿಕೆ ಮಡಚಿ, ಆಪರೇಷನ್ನಾದ ಕಾಲನ್ನು ಸ್ಟೂಲಿನ ಮೇಲೆ ಚಾಚಿದ.

"ಏಯ್, ಬಾ ಇಲ್ಲಿ. ನಿನ್ನ ಕೈ ಬೆಚ್ಚಗಿರುತ್ತಲ್ಲ, ಸ್ವಲ್ಪ ಕಾಲು ಒತ್ತು."

ಇಷ್ಟು ವರ್ಷಗಳಲ್ಲಿ ಅವಳ ಕೈಯ ಬಗ್ಗೆ ಅವನಾಡಿದ ಮೊದಲ ಒಳ್ಳೆಯ ಮಾತು ಅದು.

"ಬಂದೆ ರೀ" ಎಂದು ಅವಳು ಅಡುಗೆಮನೆಗೆ ಹೋದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಕಾದ ಎರಡೂ ಕೈಗಳನ್ನು ತಣ್ಣೀರಿಗೆ ಹಿಡಿದಳು. ಗೆಣ್ಣುಗಳಲ್ಲಿ ನೋವು ಛಳಕ್ಕೆಂದು ಹೊಡೆಯಿತು. ಹಲ್ಲು ಕಚ್ಚಿ, ಬೆರಳು ಮರಗಟ್ಟುವವರೆಗೆ ಹಿಡಿದೇ ಇದ್ದಳು. ಆಮೇಲೆ ಕೈ ಒರೆಸಿಕೊಂಡು ಬಂದು ಅವನ ಕಾಲು ಒತ್ತಿದಳು.