ಬೀರಯ್ಯ ಸುತ್ತಿದ ಟೇಪು

ನನ್ನ ಗಂಡ ರಾಜಣ್ಣ ತೀರಿಕೊಂಡ ದಿನವೇ ನಾನು ಬೀರಯ್ಯನನ್ನು ಮೊದಲು ನೋಡಿದ್ದು. ಅದಕ್ಕೆ ಏಳು ವರ್ಷವಾಯಿತು. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹೊತ್ತು. ಹಂಗಳದ ನಮ್ಮ ಮನೆ ಮುಂದೆ ಚಟ್ಟ ಕಟ್ಟಿ ನಾಲ್ಕು ಜನ ಹೆಗಲಿಗೆ ಎತ್ತಿಕೊಂಡರು. ಎರಡು ಹೆಜ್ಜೆ ಇಟ್ಟಿರಬೇಕು, ಎಡಗಡೆಯ ಬಿದಿರು ಚಟಾರನೆ ಸೀಳಿತು. ನನ್ನ ಗಂಡನ ತಲೆ ಒಂದು ಪಕ್ಕಕ್ಕೆ ವಾಲಿತು.

ನಮ್ಮಲ್ಲಿ ಒಮ್ಮೆ ಎತ್ತಿದ ಚಟ್ಟವನ್ನು ಮನೆ ಮುಂದೆ ಮತ್ತೆ ಕೆಳಗೆ ಇಳಿಸುವಂತಿಲ್ಲ. ಇಳಿಸಿದರೆ ಅದೇ ಮನೆಯಿಂದ ಇನ್ನೊಂದು ಹೊರಡುತ್ತದೆ ಎನ್ನುತ್ತಾರೆ. ಮುಂದೆ ಹೆಗಲು ಕೊಟ್ಟಿದ್ದ ನನ್ನ ಮೈದುನ ಮುದ್ದಯ್ಯ, "ಇಳಿಸ್ಬ್ಯಾಡ್ರೋ, ಇಳಿಸ್ಬ್ಯಾಡ್ರೋ" ಎಂದು ಕೂಗಿದ. ಇಳಿಸದೆ ಏನು ಮಾಡಬೇಕು ಎಂಬುದು ಅವನಿಗೂ ಗೊತ್ತಿರಲಿಲ್ಲ.

ರಸ್ತೆಯಲ್ಲಿ ಒಬ್ಬ ಗಂಡಸು ಹೆಣ ಹೋಗಲಿ ಎಂದು ಮೊಪೆಡ್ಡು ನಿಲ್ಲಿಸಿಕೊಂಡಿದ್ದ. ಗಾಡಿಯ ಉದ್ದಕ್ಕೂ ಪೈಪು ಕಟ್ಟಿತ್ತು. ಎಡಗೈಗೆ ಬಳೆ ತೊಟ್ಟ ಹಾಗೆ ಬೂದು ಬಣ್ಣದ ಒಂದು ಟೇಪಿನ ಸುರುಳಿ. ಅವನು ಚಪ್ಪಲಿ ಬಿಟ್ಟು ಬಂದು ಚಟ್ಟದ ಕೆಳಗೆ ನಿಂತ.

"ಅಂಗೇ ಇಡ್ಕಂಡಿರಿ. ಅಲ್ಲಾಡ್ಬ್ಯಾಡಿ" ಎಂದ.

ಸೀಳಿದ ಕಡೆ ಟೇಪು ಸುತ್ತಿ, ಹಲ್ಲಿನಲ್ಲಿ ಕಚ್ಚಿ ಹರಿದ. ಏಳು ಸುತ್ತು. ನಾನು ಬಾಗಿಲಲ್ಲಿ ಕೂತು ಎಣಿಸಿದೆ.

"ಏನ್ಲಾ ಇದು, ಸತ್ತೋನ್ಗೂ ಪಂಚರ್ ಆಕ್ತಿಯಾ?" ಎಂದು ಮುದ್ದಯ್ಯ ಕೇಳಿದ.

"ಗುಂಡಿಗಂಟ ತಡೀತದೆ ಕಣಣ್ಣ. ಅಲ್ಲಿಂದಾಚ್ಗೆ ನನ್ನ ಜವಾಬ್ದಾರಿ ಇಲ್ಲ."

ಹಿಂದುಗಡೆ ಯಾರೋ ನಕ್ಕರು. ನಕ್ಕವರನ್ನು ಇನ್ಯಾರೋ ಬೈದರು. ಬಿದಿರು ಗುಂಡಿಯವರೆಗೂ ತಡೆಯಿತು.

ಬೀರಯ್ಯ ಚಂದಕವಾಡಿ ಕಡೆಯವನು. ಹೆಂಡತಿ ಇರಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಮಾನಸಳನ್ನು ಕರೆದುಕೊಂಡು ಪೈಪಿನ ಕೆಲಸಕ್ಕೆಂದು ಈ ಕಡೆ ಬಂದಿದ್ದ. ತಿಥಿ ಕಳೆದ ಮೇಲೆ ನಮ್ಮ ಹಿತ್ತಲಿನ ಕೋಣೆಗೆ ಬಾಡಿಗೆಗೆ ಬಂದರು. ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಸುಂದ್ರಕ್ಕ ಎಂದು ಕರೆಯುತ್ತಿದ್ದ. ಮಧ್ಯಾಹ್ನದ ಮುದ್ದೆ ನಮ್ಮ ಮನೆಯಲ್ಲೇ. ನನಗೆ ನಾಲ್ಕಕ್ಷರ ಬರೆಯಲು ಕಲಿಸಿದವಳು ಮಾನಸ, ದಿನವೂ ಸಂಜೆ, ಅವಳ ಹಳೇ ನೋಟ್‌ಬುಕ್ಕಿನಲ್ಲಿ.

ಆ ಟೇಪನ್ನು ಗುಂಡ್ಲುಪೇಟೆಯ ಅಂಗಡಿಯಲ್ಲಿ ಡಕ್ಟ್ ಟೇಪು ಅನ್ನುತ್ತಾರೆ. ಹಿಂದುಗಡೆ ಬಟ್ಟೆ ಇರುತ್ತದೆ, ಕೈಯಲ್ಲಿ ಎಳೆದರೆ ಹರಿಯುವುದಿಲ್ಲ. ಬಂಡೀಪುರದ ರಸ್ತೆಯ ಒಂದು ಹೋಟೆಲಿಗೆ ಎಸಿ ಕೂರಿಸಲು ಬಂದ ಕೇರಳದವರು ಅರ್ಧ ಸುರುಳಿ ಬಿಟ್ಟು ಹೋಗಿದ್ದರಂತೆ, ಅಲ್ಲಿಂದ ಅವನಿಗೆ ಅದು ಹತ್ತಿತು. ನಮ್ಮೂರಲ್ಲಿ ಅದಕ್ಕೆ ಬೀರಯ್ಯನ ಟೇಪು ಎಂದೇ ಹೆಸರು.

ಕಾಡಂಚಿನ ಹೊಲಗಳಲ್ಲಿ ಆನೆ ಬಂದರೆ ಬೆಳೆಯ ಜೊತೆ ಪೈಪನ್ನೂ ತುಳಿಯುತ್ತದೆ. "ಆನೆ ನನ್ನ ಧಣಿ ಕಣಕ್ಕ. ಅದು ಬರ್ನಿಲ್ಲ ಅಂದ್ರೆ ನನ್ಗೆ ಕೆಲ್ಸ ಇಲ್ಲ" ಎನ್ನುತ್ತಿದ್ದ. ಯಾರು ಕರೆದರೂ ಎಲ್ಲಿ ಸೋರುತ್ತಿದೆ ಎಂದು ಮೊದಲು ಕೇಳುತ್ತಿರಲಿಲ್ಲ. "ಯಾವತ್ತಿಂದ ಸೋರ್ತಾ ಅದೆ?" ಎಂದು ಕೇಳುತ್ತಿದ್ದ. ನಿನ್ನೆಯಿಂದ ಎಂದರೆ ಟೇಪು ಸಾಕು. ಎಂಟು ದಿನದಿಂದ ಎಂದರೆ ಕೆಳಗಿನ ಮಣ್ಣು ಕರಗಿ ಪೈಪು ಕುಸಿದಿರುತ್ತದೆ, ಅಷ್ಟುದ್ದ ಕತ್ತರಿಸಿ ತೆಗೆಯಬೇಕು. ಜನ ಸುಳ್ಳು ಹೇಳುತ್ತಿದ್ದರು, ಎಲ್ಲರೂ ನಿನ್ನೆಯಿಂದ ಎಂದೇ ಹೇಳುತ್ತಿದ್ದರು.

ಒಮ್ಮೆ ನಮ್ಮ ನಲ್ಲಿಯ ಪೈಪು ಒಡೆದು ನೀರು ಚಿಮ್ಮುತ್ತಿರುವಾಗಲೇ ಸುತ್ತುತ್ತಿದ್ದ. ಒದ್ದೆಗೆ ಹೇಗೆ ಅಂಟುತ್ತದೆ ಎಂದು ಕೇಳಿದೆ.

"ಒದ್ದೆ ಪೈಪ್ಗೆ ಅಂಟಕಿಲ್ಲ ಕಣಕ್ಕ. ಆದ್ರೆ ಟೇಪ್ಗೆ ಟೇಪು ಅಂಟ್ತದೆ. ಅದ್ಕೇ ಬಿಗಿಯಾಗಿ ಸುತ್ಬುಡ್ಬೇಕು, ಉಸ್ರು ಆಡ್ದಂಗೆ."

ಅವನು ಟೇಪು ಹಚ್ಚದ ವಸ್ತು ನಮ್ಮ ಬೀದಿಯಲ್ಲಿ ಉಳಿಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಕಾಲು, ರಾಗಿ ಡಬ್ಬದ ಇಲಿ ಕಡಿದ ತಳ, ಕೊಡೆ, ಗುಂಡ್ಲುಪೇಟೆಗೆ ಹೋಗುವ ಬಸ್ಸಿನ ಕಿಟಕಿ, ಮಾನಸಳ ಶಾಲೆಯ ಶೂ. ಮುದ್ದಯ್ಯನ ಕನ್ನಡಕಕ್ಕೆ ಮೂಗಿನ ಮೇಲೆ ಎಷ್ಟು ದಪ್ಪ ಸುತ್ತಿದ್ದನೆಂದರೆ ಅವನು ಎದುರಿಗೆ ಬಂದರೆ ಮೊದಲು ಟೇಪು ಕಾಣುತ್ತಿತ್ತು. ಅವನ ಹೆಂಡತಿ, "ಬೀರಣ್ಣ, ಅಂಗೇ ಕೆಳೀಕೆ ಇಳ್ಸಿ ಬಾಯ್ಗೂ ಒಂದ್ಸುತ್ತು ಸುತ್ಬುಡು" ಎಂದಳು. "ಮಾತಾಡೋ ಬಾಯಿ ಒದ್ದೆ ಇರ್ತದೆ ಕಣವ್ವ, ಅಂಟಕಿಲ್ಲ" ಎಂದ ಇವನು. ನನ್ನ ಕೆಂಪು ಹುಂಜದ ಕಾಲು ಮುರಿದಾಗ ಬೆಂಕಿಕಡ್ಡಿ ಇಟ್ಟು ಸುತ್ತಿದ. ಅದು ಎಂಟು ತಿಂಗಳು ಕುಂಟಿಕೊಂಡು ಓಡಾಡಿತು. ಕೊನೆಗೆ ಹಬ್ಬಕ್ಕೆ ಕುಯ್ದಾಗ ಟೇಪು ಬಿಚ್ಚಲು ಆಗದೆ ಆ ಕಾಲನ್ನು ಎಸೆದೆವು.

ಬೀರಯ್ಯನ ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ದಿನವೆಲ್ಲ ಕೆಸರಲ್ಲಿ ನಿಂತರೆ ಯಾರಿಗಾದರೂ ಒಡೆಯುತ್ತದೆ. ಅದಕ್ಕೂ ಟೇಪು ಹಚ್ಚಿಕೊಂಡ. ವಾರದಲ್ಲಿ ಬಿರುಕು ಕೂಡಿತು. ಆ ಚಳಿಗಾಲದಲ್ಲಿ ನಮ್ಮ ಬೀದಿಯ ಐದು ಜನ ಹೆಂಗಸರು ಹಿಮ್ಮಡಿಗೆ ಬೂದು ಟೇಪು ಹಚ್ಚಿಕೊಂಡು ಕೂಲಿಗೆ ಹೋದರು. ನಾನೂ ಹಚ್ಚಿಕೊಂಡೆ. ನನಗೂ ವಾಸಿಯಾಯಿತು. ಅದನ್ನು ಇಲ್ಲಿ ಹೇಳಲೇಬೇಕು.

ಶಾಲೆಯ ಹತ್ತಿರ ಸಕ್ಕರೆ ಕಾಯಿಲೆ ನೋಡಲು ಬಂದವರು ಅವನಿಗೆ ಇದೆ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಒಂದು ತಿಂಗಳು ನುಂಗಿದ. ಆಮೇಲೆ ಬಿಟ್ಟ. "ಏನೂ ನೋಯಕಿಲ್ಲ ಅಂದ್ಮೇಲೆ ಯಾಕೆ ನುಂಗನ?" ಎಂದ. ಏನೂ ನೋಯುವುದಿಲ್ಲ ಎಂಬುದೇ ಆ ಕಾಯಿಲೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮಾನಸ ಅಷ್ಟು ಹೊತ್ತಿಗೆ ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸ್ ಓದುತ್ತಿದ್ದಳು. ಅವಳಿಗೆ ಕಾಯಿಲೆಯ ವಿಷಯವನ್ನೇ ಹೇಳಿರಲಿಲ್ಲ.

ಹೋದ ವರ್ಷ, ಶಿವರಾತ್ರಿ ಕಳೆದ ಮೇಲಿನ ಗುರುವಾರ, ನಮ್ಮ ನೀರಿನ ಡ್ರಮ್ಮಿನ ನಲ್ಲಿ ಸರಿ ಮಾಡಲು ಬಂದ. ಬಂದು ಕೂತ ಸ್ವಲ್ಪ ಹೊತ್ತಿಗೆ ನನಗೆ ವಾಸನೆ ಬಡಿಯಿತು. ಇಲಿ ಸತ್ತಿದೆ ಎಂದುಕೊಂಡೆ. ಡ್ರಮ್ಮಿನ ಹಿಂದೆ ನೋಡಿದೆ, ಸೌದೆ ಸರಿಸಿ ನೋಡಿದೆ, ಪೊರಕೆ ಕಡ್ಡಿಯಿಂದ ಮೂಲೆ ಕೆದಕಿದೆ.

"ಏನಕ್ಕ ಉಡುಕ್ತಿದ್ದೀಯ?"

"ಇಲಿ ಸತ್ತಂಗದೆ ಕಣಪ್ಪ."

"ನನ್ಗೇನೂ ಬರ್ತಿಲ್ವಲ್ಲ" ಎಂದು ಅವನೂ ಬಗ್ಗಿ ನೋಡಿದ.

ಇಲಿ ಇರಲಿಲ್ಲ. ಅವನು ಎದ್ದು ಹೋದ ಮೇಲೆ ವಾಸನೆಯೂ ಇರಲಿಲ್ಲ. ಶುಕ್ರವಾರ ಊಟಕ್ಕೆ ಬಂದಾಗ ಮತ್ತೆ ಬಂತು. ಒಬ್ಬ ಗಂಡಸಿಗೆ, ಅದೂ ಉಣ್ಣುವಾಗ, ನಿನ್ನಿಂದ ನಾತ ಬರುತ್ತಿದೆ ಎಂದು ಹೇಗೆ ಹೇಳುವುದು? ಕೆಸರಿನ ಕೆಲಸ, ಒಗೆದು ಕೊಡುವವರಿಲ್ಲ, ಇರಲಿ ಎಂದುಕೊಂಡೆ. ಅವನ ತಟ್ಟೆಯನ್ನು ಬಾಗಿಲ ಗಾಳಿಗೆ ಇಟ್ಟು ಬಡಿಸತೊಡಗಿದೆ.

ಹನ್ನೊಂದು ದಿನ ಕಳೆದು ಸೋಮವಾರ, ಉಂಡು ಎದ್ದು ಹೋದಾಗ ನೆಲದ ಮೇಲೆ ಹೆಜ್ಜೆ ಬಿದ್ದಿತ್ತು. ಎಡಗಾಲಿನದು ಒಣ ಹೆಜ್ಜೆ, ಬಲಗಾಲಿನದು ಒದ್ದೆ. ಕೂಗಿ ಕರೆದೆ. ಬಲಗಾಲಿಗೆ ಬೆರಳಿನಿಂದ ಹಿಮ್ಮಡಿಯವರೆಗೆ ಟೇಪು ಸುತ್ತಿದ್ದ.

"ಬಿಚ್ಚು" ಎಂದೆ.

"ಬಿಚ್ಚುದ್ರೆ ಸೋರ್ತದೆ ಅಕ್ಕ."

ಕತ್ತರಿ ತಂದು ನಾನೇ ಕತ್ತರಿಸಿದೆ. ಒಂದರ ಮೇಲೊಂದು ಸುತ್ತು, ಒಳಗೆ ಹೋದಷ್ಟೂ ಹಳೆಯದು. ಹೆಬ್ಬೆರಳ ಪಕ್ಕದ ಬೆರಳು ಕಪ್ಪಾಗಿತ್ತು. ಅಂಗಾಲಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಗುಂಡಿ. ಯಾವುದೋ ದಿನ ಟೇಪಿನೊಳಗಿಂದ ಕೆಂಪು ಕಂಡಿತ್ತಂತೆ, ಮೇಲೊಂದು ಸುತ್ತು ಹಾಕಿದ್ದನಂತೆ. ಒದ್ದೆಗೆ ಅಂಟಲಿಲ್ಲವಂತೆ, ಅದಕ್ಕೆ ಬಿಗಿಯಾಗಿ ಸುತ್ತಿದ್ದನಂತೆ. ಬಾಗಿಲಲ್ಲಿದ್ದ ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಅದರ ತಳಕ್ಕೂ ಟೇಪು, ಟೇಪಿನಲ್ಲಿ ಒಂದು ಮೊಳೆ, ಮೊನೆ ಒಳಗಡೆಗೆ.

ಅವನು ಮೊದಲು ಹೇಳಿದ್ದು, "ಅಯ್ಯೋ, ಚಪ್ಲಿ ತೂತಾಗ್ಬುಟ್ಟದಲ್ಲ" ಎಂದು.

"ಮೇಲ್ ನೋಡು. ಈಗ ಯಾವ ಬೆರಳು ಮುಟ್ತಾ ಇದ್ದೀನಿ ಹೇಳು" ಎಂದೆ.

"ಕಿರುಬೆರಳು."

ನಾನು ಇನ್ನೂ ಮುಟ್ಟಿರಲಿಲ್ಲ.

ಗುಂಡ್ಲುಪೇಟೆಯ ಆಸ್ಪತ್ರೆಗೆ ಈಗಲೇ ಹೋಗೋಣ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. ಅದುವರೆಗೆ ಹಿಡಿದಿರಲಿಲ್ಲ.

"ಬರೋ ವಾರದ ಬುಧ್ವಾರ ಮಾನಸಂಗೆ ಪರೀಕ್ಷೆ ಮುಗೀತದೆ ಅಕ್ಕ. ಕೊನೆ ಪರೀಕ್ಷೆ. ಆಸ್ಪತ್ರೆಗೆ ಹೋದ್ರೆ ಮಲಗಿಸ್ಕತಾರೆ. ಆ ಮಗೀಗೆ ಗೊತ್ತಾದ್ರೆ ಪೆನ್ನು ಬಿಸಾಕ್ಬುಟ್ಟು ಓಡ್ಬತ್ತಳೆ. ಒಂಬತ್ತೇ ದಿನ. ಅಲ್ಲೀಗಂಟ ಬಾಯ್ ಬುಡ್ಬ್ಯಾಡ."

ನಾನು ಒಪ್ಪಿಕೊಂಡೆ.

ದಿನಕ್ಕೆ ಎರಡು ಸಲ ಬಿಸಿನೀರಿನಲ್ಲಿ ತೊಳೆದು, ಅರಿಶಿನ ಹಾಕಿ, ನನ್ನ ಹಳೇ ಸೀರೆಯ ಬಟ್ಟೆ ಕಟ್ಟಿದೆ. ಅವನು ಅದರ ಮೇಲೆ ಟೇಪು ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಆರು ಗಂಟೆಗೆ ಮಾನಸ ಫೋನು ಮಾಡುತ್ತಿದ್ದಳು. "ಹೆಂಗಿದ್ದೀಯಪ್ಪ?" ಎಂದರೆ, "ನನ್ಗೇನಮ್ಮಿ, ಟೇಪ್ ಆಕ್ದಂಗೆ ಗಟ್ಟಿ ಇವ್ನಿ" ಎನ್ನುತ್ತಿದ್ದ. ಪಕ್ಕದಲ್ಲೇ ನಾನು ಅವನ ಕಾಲು ತೊಳೆಯುತ್ತಿರುತ್ತಿದ್ದೆ. "ಸುಂದ್ರಕ್ಕ ಚೆನ್ನಾಗವ್ರಾ?" ಎಂದು ಕೇಳುತ್ತಿದ್ದಳು. "ಚೆನ್ನಾಗಿವ್ನಿ ಕಣವ್ವ, ನೀನು ಓದ್ಕೊ" ಎಂದು ನಾನೂ ಹೇಳುತ್ತಿದ್ದೆ. ಆರನೇ ದಿನ ಜ್ವರ ಬಂತು. ಏಳನೇ ದಿನ ಆ ಜ್ವರದಲ್ಲೇ ಶಾಲೆಯ ಟ್ಯಾಂಕಿನ ಪೈಪು ಸುತ್ತಿ ಬಂದ. ಎಂಟನೇ ದಿನ ಏಳಲಿಲ್ಲ.

ಬುಧವಾರ ಸಂಜೆ ಮಾನಸ ಬಸ್ಸಿಳಿದು, ಮೈಸೂರ್‌ಪಾಕಿನ ಪೊಟ್ಟಣ ಹಿಡಿದುಕೊಂಡು ನಗುತ್ತ ಬಂದಳು. ಹಿತ್ತಲಿಗೆ ಬಂದವಳು ಕೋಣೆಯ ಬಾಗಿಲಿಗೆ ಇನ್ನೂ ಐದು ಹೆಜ್ಜೆ ಇರುವಾಗಲೇ ನಿಂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಪೊಟ್ಟಣವನ್ನು ಕಟ್ಟೆಯ ಮೇಲೆ ಇಟ್ಟು, "ಅಪ್ಪ, ಕಾಲ್ ತೋರ್ಸು" ಎಂದಳು. ಅವಳು ಇನ್ನೂ ಅವನ ಮುಖವನ್ನೇ ನೋಡಿರಲಿಲ್ಲ.

ಮುದ್ದಯ್ಯ ಕಾರು ಹಿಡಿದು ತಂದ. ಗುಂಡ್ಲುಪೇಟೆಯಲ್ಲಿ ನೋಡಿ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಮೊದಲು ಪಾದ ತೆಗೆದರು. ನಾಲ್ಕು ದಿನ ಬಿಟ್ಟು ಮಂಡಿಯಿಂದ ಮೇಲಕ್ಕೆ ತೆಗೆದರು. ನಂಜು ಅಷ್ಟರಲ್ಲಿ ರಕ್ತಕ್ಕೆ ಏರಿತ್ತು. ಇಪ್ಪತ್ತೆರಡು ದಿನಕ್ಕೆ ಮನೆಗೆ ಕರೆತಂದರು. ವಾಸಿಯಾಗಿ ಅಲ್ಲ. ಅವನೇ ಹಠ ಹಿಡಿದು ಬಂದದ್ದು.

ಮುದ್ದಯ್ಯ ನೋಡಲು ಬಂದು, ಏನು ಮಾತಾಡಬೇಕೆಂದು ತಿಳಿಯದೆ, "ಇನ್ಮೇಲೆ ನಿನ್ಗೆ ಒಂದ್ ಜೊತೆ ಚಪ್ಲಿ ಎರಡ್ ವರ್ಸ ಬತ್ತದೆ ಬುಡ್ಲಾ" ಎಂದ. ಬೀರಯ್ಯ ನಕ್ಕ. ಮುದ್ದಯ್ಯ ಆಚೆ ಹೋಗಿ ಕನ್ನಡಕ ತೆಗೆದು ಗೋಡೆಯ ಕಡೆ ತಿರುಗಿ ನಿಂತ. ಅದರ ಮೂಗಿನ ಮೇಲೆ ಬೂದು ಟೇಪು ಹಾಗೇ ಇತ್ತು.

ಬೀರಯ್ಯ ಸತ್ತದ್ದು ಶನಿವಾರ ಬೆಳಿಗ್ಗೆ. ಚಟ್ಟಕ್ಕೆ ಮುದ್ದಯ್ಯನೇ ಹಸಿ ಬಿದಿರು ತಂದ. ಎರಡು ಸಲ ಬಗ್ಗಿಸಿ ನೋಡಿ ಕಟ್ಟಿದ. ಸೀಳಲಿಲ್ಲ.

ಅದಕ್ಕೆ ಮೂರು ದಿನ ಮುಂಚಿನ ಮಾತು ಇದು. ಮಾನಸ ಅವನಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಮಂಚದ ಪಕ್ಕ ನೆಲದಲ್ಲಿ ಕೂತಿದ್ದೆ. ಅವಳು ಅಷ್ಟು ದಿನ ಹೇಳದಿದ್ದದ್ದನ್ನು ಅವತ್ತು ಹೇಳಿಬಿಟ್ಟಳು.

"ಡಾಕ್ಟ್ರು ಏನಂದ್ರು ಗೊತ್ತಾಪ್ಪ? ಒಂದ್ ಮೂರ್ ವಾರ ಮುಂಚೆ ಕರ್ಕೊಂಡ್ ಬಂದಿದ್ರೆ ಒಂದ್ ಬೆರಳಲ್ಲಿ ಮುಗೀತಿತ್ತು ಅಂದ್ರು. ಒಂದೇ ಬೆರಳು. ನನ್ ಪರೀಕ್ಷೆ ಏನಪ್ಪ, ಇನ್ನೊಂದ್ಸಲ ಬರೀತಿದ್ದೆ."

ಅವಳು ಲೋಟ ತೊಳೆಯಲು ಆಚೆ ಹೋದಳು. ಅವನು ಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ದಿನ ಎಣಿಸತೊಡಗಿದ. ಕಾರು ಬಂದ ಬುಧವಾರದಿಂದ ಹಿಂದಕ್ಕೆ. ನಾನು ಸುಮ್ಮನೆ ನೋಡುತ್ತಿದ್ದೆ, ನನಗೆ ಲೆಕ್ಕ ಗೊತ್ತಿತ್ತು. ಟೇಪು ಕತ್ತರಿಸಿದ ಸೋಮವಾರಕ್ಕೆ ಒಂಬತ್ತು, ವಾಸನೆ ಬಡಿದ ಗುರುವಾರಕ್ಕೆ ಇಪ್ಪತ್ತು. ಸೋಮವಾರದ ವಿಷಯ ಮಾನಸಳಿಗೆ ಹೇಳಿದ್ದೇನೆ, ಕ್ಷಮಿಸಿದ್ದಾಳೆ. ಗುರುವಾರದ ವಿಷಯ ಹೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಅವನ ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ನಿಂತಿತು. ನನ್ನ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಪೈಪು ನೋಡಲು ಬಂದು ಯಾವತ್ತಿಂದ ಎಂದು ಕೇಳುವಾಗ ಮನೆಯವರನ್ನು ನೋಡುವ ಹಾಗೆ ನೋಡಿದ.

"ಅವತ್ತು ಡ್ರಮ್ಮಿನ ಇಂದೆ ಉಡುಕ್ತಿದ್ದಲ್ಲ ಸುಂದ್ರಕ್ಕ," ಎಂದ. "ಆ ಇಲಿ ಸಿಕ್ತಾ?"