ಎರವಲು ತಂದ ಗರಗಸ

ಆಕೆ ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಜಗಳ ಮಾಡುವುದಕ್ಕೆ. ಗಂಡ ತೀರಿಹೋಗಿ ಆಗ ಎಂಟು ತಿಂಗಳಾಗಿತ್ತು. ಹಿಂದಿನ ದಿನ ಕೊಂಡಿದ್ದ ಮರದ ಬಾಚಣಿಗೆಯನ್ನು ಹಲಗೆಯ ಮೇಲೆ ಇಟ್ಟು, "ಎಡಗಡೆಯಿಂದ ಹದಿನಾಲ್ಕನೇ ಹಲ್ಲು ಕೂದಲು ಕಚ್ಚುತ್ತೆ. ಬದಲಾಯಿಸಿ ಕೊಡಿ" ಎಂದಳು.

ಬಾಚಣಿಗೆ ಮಾಡುವವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ಕೆನ್ನೆಗೆ ಉಜ್ಜಿಕೊಂಡರು, ತಿಳಿಯಲಿಲ್ಲ. ಕೊನೆಗೆ ನಾಲಗೆಯ ತುದಿ ತಾಗಿಸಿದರು. ಮುಖ ಸಣ್ಣದಾಯಿತು.

"ಹೌದಮ್ಮ, ಒರಟಿದೆ. ನಿಮಗೆ ಹೇಗೆ ಗೊತ್ತಾಯ್ತು?"

"ಬೆರಳಿದೆಯಲ್ಲ."

"ಹಾಗಾದ್ರೆ ನಾಳೆಯಿಂದ ಇಲ್ಲಿಗೇ ಬಂದ್ಬಿಡಕ್ಕಾ. ದಿನಾ ಜಗಳ ಆಡ್ಬಹುದು, ಕೂಲೀನೂ ಸಿಗುತ್ತೆ."

ಹೋದಳು. ಅವರು ಹಲ್ಲು ಕೊಯ್ದು ಕೊಟ್ಟರೆ ಈಕೆ ಸಣ್ಣ ಅರದಿಂದ ಒಂದೊಂದು ಹಲ್ಲಿನ ಸಂದನ್ನೂ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡುವುದು. ಹದಿನಾರು ವರ್ಷ ಅದೇ ಕೆಲಸ. ಅವರು ಈಕೆಯನ್ನು ಅಕ್ಕ ಎನ್ನುತ್ತಿದ್ದರು, ಈಕೆ ಅವರನ್ನು ಅಣ್ಣ ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಬೀದಿಯವರಿಗೆ ಮಾತ್ರ ಅವರು 'ಹಲ್ಲಿನ ಡಾಕ್ಟ್ರು'. ದಿನಕ್ಕೆ ನೂರಾರು ಹಲ್ಲು ಕೊಯ್ಯುತ್ತಿದ್ದ ಡಾಕ್ಟ್ರ ಬಾಯಲ್ಲಿ ಉಳಿದಿದ್ದದ್ದು ಏಳು.

ಅವರ ಬಳಿ ಇದ್ದದ್ದು ಒಂದೇ ಒಂದು ಗರಗಸ, ಜೋಡಿ ಅಲಗಿನದು. ಒಂದು ಅಲಗು ಹಲ್ಲು ಕೊಯ್ಯುವಾಗ ಇನ್ನೊಂದು ಅಲಗು ಮುಂದಿನ ಹಲ್ಲಿಗೆ ಗೆರೆ ಹಾಕಿಕೊಂಡು ಬರುತ್ತದೆ. ಅಳತೆಪಟ್ಟಿಯೇ ಬೇಡ. ಅಪ್ಪನಿಂದ ಬಂದ ಆ ಗರಗಸ ಮಸೆದೂ ಮಸೆದೂ ಬೆರಳಗಲ ಉಳಿದಿತ್ತು. ಹಿಡಿ ಬಿರುಕು ಬಿಟ್ಟು ದಾರ ಸುತ್ತಿತ್ತು. ಮರ ಕಚ್ಚಿ ಹಿಡಿಯುವ ವೈಸ್ ಇರಲಿಲ್ಲ, ಎರಡು ಪಾದಗಳ ನಡುವೆ ಹಿಡಿಯುತ್ತಿದ್ದರು. ವಯಸ್ಸಾದಂತೆ ಪಾದ ನಡುಗತೊಡಗಿತು. ಸಣ್ಣ ಹಲ್ಲಿನ ಬಾಚಣಿಗೆ, ಅಂದರೆ ಅವರಿಗೆ ಹೆಸರು ತಂದಿದ್ದ ಕೆಲಸ, ಇನ್ನು ಒಂದೆರಡು ವರ್ಷವೂ ನಡೆಯುವ ಹಾಗಿರಲಿಲ್ಲ.

ಕೈಕೆಲಸದವರಿಗೆ ಹತಾರು ಕೊಳ್ಳಲು ಸಹಾಯಧನ ಕೊಡುತ್ತಾರೆಂದು ಕೇಳಿ ಅರ್ಜಿ ಹಾಕಿದರು. ಹೊಸ ಜೋಡಿ ಗರಗಸ, ಒಂದು ವೈಸ್, ಮಸೆಯುವ ಚಕ್ರ: ಇಷ್ಟೇ ಕೇಳಿದ್ದು. ಕಚೇರಿಯವರು ಬಂದು ನೋಡಿಹೋಗುತ್ತೇವೆ ಎಂದು ದಿನ ಗೊತ್ತು ಮಾಡಿದರು.

ಆ ದಿನ ಬೆಳಿಗ್ಗೆ ಡಾಕ್ಟ್ರು ಕ್ಷೌರಕ್ಕೆ ಹೋದರು. ಅಂಗಡಿ ಗುಡಿಸುತ್ತಿದ್ದ ಆಕೆಗೆ ಆ ದಾರ ಸುತ್ತಿದ ಗರಗಸ ಕಣ್ಣಿಗೆ ಬಿತ್ತು. ದೊಡ್ಡ ಜನ ಬರುತ್ತಾರೆ. ಹರಕು ಚಾಪೆ ಮಡಚಿಟ್ಟು ಪಕ್ಕದ ಮನೆಯ ಕುರ್ಚಿ ತಂದು ಹಾಕುವುದಿಲ್ಲವೇ? ಹಾಗೆಯೇ ಇದೂ ಎಂದುಕೊಂಡಳು. ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿ ಹಲಗೆಯ ಕೆಳಗೆ ತಳ್ಳಿದಳು. ಮೂಲೆಮನೆ ಬಡಗಿಯ ಹತ್ತಿರ ಹೋಗಿ ವೈಸ್, ಆರು ಉಳಿ, ಹೊಳೆಯುವ ಒಂದು ಗರಗಸ, ಕರೆಂಟಿನ ಮಸೆಯುವ ಚಕ್ರ ಕೇಳಿ ತಂದಳು.

"ಏನಕ್ಕಾ, ನನ್ನ ಅಂಗಡೀನೇ ಹೊತ್ಕೊಂಡು ಹೋಗ್ತಿದ್ದೀಯ. ನನ್ನೂ ಎತ್ಕೊಂಡು ಹೋಗು" ಎಂದ ಬಡಗಿ.

"ನೀನು ಬೇಡಪ್ಪ, ನೋಡೋಕೆ ಚೆನ್ನಾಗಿರೋದು ಮಾತ್ರ ಬೇಕು."

ಡಾಕ್ಟ್ರು ಬರುವಾಗ ಕಚೇರಿಯ ಮೇಡಂ ಅವರ ಜೊತೆಯಲ್ಲೇ ಬಂದುಬಿಟ್ಟರು. ಮಾತಾಡಲು ಸಮಯವಿರಲಿಲ್ಲ. ಡಾಕ್ಟ್ರು ಗೋಡೆಯ ಪಕ್ಕ ಜೋಡಿಸಿಟ್ಟಿದ್ದ ಬಡಗಿಯ ಹತಾರುಗಳನ್ನು ನೋಡಿದರು, ಆಕೆಯನ್ನು ನೋಡಿದರು. ಆಕೆ ಕಣ್ಣಲ್ಲೇ 'ಸುಮ್ಮನಿರಿ' ಎಂದಳು.

"ಇವೆಲ್ಲಾ ನಿಮ್ಮದೇನಾ?" ಮೇಡಂ ಕೇಳಿದರು.

ಡಾಕ್ಟ್ರು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: "ನಮ್ಮದೇ ಮೇಡಂ, ಮತ್ತ್ಯಾರದು?"

ಮೇಡಂ ಬರೆದುಕೊಂಡರು. ಕಪಾಟಿನಲ್ಲಿದ್ದ ಬಾಚಣಿಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ನಾಲ್ಕು ಹಲ್ಲು ಕೊಯ್ದು ತೋರಿಸಿ ಎಂದರು. ಡಾಕ್ಟ್ರು ಬಡಗಿಯ ಒಂಟಿ ಅಲಗಿನ ಗರಗಸ ಹಿಡಿದರು. ಎರಡನೆಯ ಹಲ್ಲು ದಪ್ಪವಾಯಿತು, ಮೂರನೆಯದು ಮುರಿಯಿತು. ಅವರ ಗರಗಸ ಆಕೆಯ ಕಾಲಿನಿಂದ ಒಂದು ಮೊಳ ದೂರದಲ್ಲಿ ಗೋಣಿಯೊಳಗೆ ಮಲಗಿತ್ತು. ಆಕೆ ಸೆರಗು ಹಿಡಿದುಕೊಂಡು ನಿಂತೇ ಇದ್ದಳು. ಈಗ ಅದನ್ನು ಎಳೆದರೆ ಆಡಿದ ಸುಳ್ಳೂ ಜೊತೆಗೇ ಹೊರಗೆ ಬರುತ್ತದಲ್ಲ.

ಒಂದೂವರೆ ತಿಂಗಳಿಗೆ ಕಾಗದ ಬಂತು. ಡಾಕ್ಟ್ರಿಗೆ ಸಹಿಯ ಹೊರತು ಅಕ್ಷರ ಬಾರದು. ಆಕೆ ಕೂಡಿಸಿ ಕೂಡಿಸಿ ಓದಬಲ್ಲಳು. ಬೆರಳಿಟ್ಟುಕೊಂಡು ಜೋರಾಗಿ ಓದಿದಳು: "ನಿಮ್ಮ ಅರ್ಜಿಯನ್ನು ಪುರಸ್ಕರಿಸಲು ಸಾಧ್ಯವಾಗಿಲ್ಲ." ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. 'ಕೆಲಸ ಬಹಳ ಉತ್ತಮವಾಗಿದ್ದರೂ, ಬೇಕಾದ ಉಪಕರಣಗಳೆಲ್ಲ ಈಗಾಗಲೇ ತಮ್ಮಲ್ಲಿ ಇರುವುದರಿಂದ' ಎಂದಿತ್ತು.

"ಯಾಕಂತೆ?" ಎಂದರು ಡಾಕ್ಟ್ರು.

ಆಕೆಯ ಬೆರಳು ಅಲ್ಲೇ ನಿಂತಿತು. "ಮುಂದೆಲ್ಲಾ ಒತ್ತಕ್ಷರ ಅಣ್ಣ. ನಂಗೆ ಬರಲ್ಲ."

"ಬಿಡಕ್ಕಾ. ಬಡಗಿ ಗರಗಸ ಕೈಗೆ ಕೂರ್ಲಿಲ್ಲ ಅನ್ಬಹುದು. ಆದ್ರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ. ಕೆಲಸ ಚೆನ್ನಾಗಿದ್ದಿದ್ರೆ ಕೊಡ್ತಿದ್ರು."

ಒಳ್ಳೆಯ ಕೆಲಸಗಾರನಿಗೆ ಕೊಡುವ ಬಹುಮಾನ ಆ ಸಹಾಯಧನ ಎಂದೇ ಅವರು ತಿಳಿದಿದ್ದರು. ಇನ್ನೊಬ್ಬರಿಂದ ಓದಿಸಲಿಲ್ಲ; ಯಾರ ಕೈಗೆ ಕೊಟ್ಟರೂ ಮಾನ ಹೋಗುತ್ತದೆಂದು ಕಾಗದವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ನಾಳೆ ಹೇಳೋಣ ಎಂದುಕೊಂಡಳು ಆಕೆ. ಆ ನಾಳೆ ಎರಡು ವರ್ಷ ಬರಲಿಲ್ಲ.

ಅಲ್ಲಿಂದಾಚೆಗೆ ಡಾಕ್ಟ್ರು ಸಣ್ಣ ಹಲ್ಲಿನ ಬಾಚಣಿಗೆ ಮಾಡಲಿಲ್ಲ. ಅಗಲ ಹಲ್ಲಿನವನ್ನಷ್ಟೇ ಕೊಯ್ದರು. ಪ್ರತಿಯೊಂದನ್ನೂ ಆಕೆಯ ಕೈಗೆ ಕೊಟ್ಟು, "ಸರಿ ಇದೆಯಾ ನೋಡು" ಎನ್ನತೊಡಗಿದರು. ಹಿಂದೆಂದೂ ಹಾಗೆ ಕೇಳಿದವರಲ್ಲ. "ಚೆನ್ನಾಗಿದೆ ಅಣ್ಣ" ಎಂದರೆ, "ನಿಂಗೆ ನನ್ಮೇಲೆ ಕರುಣೆ" ಎಂದು ನಗುತ್ತಿದ್ದರು. ಆ ನಗು ಕಂಡಾಗಲೆಲ್ಲ ಆಕೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು. ಓದು ಸರಾಗವಾಗಿ ಬಾರದಿರುವುದಕ್ಕೆ ಆಕೆ ಎಂದೂ ನಾಚಿಕೊಂಡಿರಲಿಲ್ಲ. ಬರುತ್ತಿದ್ದ ಅಕ್ಷರವನ್ನು ಬಾರದು ಎಂದದ್ದು ಮಾತ್ರ ಚುಚ್ಚುತ್ತಲೇ ಇತ್ತು.

ಕೊನೆಗೆ ಡಾಕ್ಟ್ರು ಹಾಸಿಗೆ ಹಿಡಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮಲಗಿದ್ದರು. ಆಕೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಹೇಳಿದರು: "ಅಕ್ಕಾ, ಕಪಾಟಿನಲ್ಲಿ ಹಳೇ ಸಣ್ಣ ಹಲ್ಲಿನವು ಇಪ್ಪತ್ತೋ ಇಪ್ಪತ್ತೊಂದೋ ಉಳಿದಿವೆ. ಒಲೆಗೆ ಹಾಕ್ಬಿಡು."

"ಅಯ್ಯೋ, ಯಾಕೆ?"

"ನಾನು ಹೋದ್ಮೇಲೆ ಯಾರಾದ್ರೂ ನೋಡಿ, ಇಂಥಾ ಕೆಲಸಾನಾ ಇವನದ್ದು ಅನ್ಬಾರದು."

ಆಕೆ ಬಟ್ಟಲು ಕೆಳಗಿಟ್ಟಳು. ಡಬ್ಬಿ ತೆರೆದು ಆ ಕಾಗದ ತಂದಳು. ಕೂರಲಿಲ್ಲ, ನಿಂತೇ ಹೇಳಿದಳು. ಗೋಣಿಯಲ್ಲಿ ಸುತ್ತಿಟ್ಟದ್ದು, ಕಂಡವರ ಹತಾರನ್ನು ನಮ್ಮದೇ ಅಂದದ್ದು, ಓದಲು ಬಂದರೂ ಬಾರದು ಅಂದದ್ದು. ಆಮೇಲೆ ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು ಓದಿದಳು. 'ಉತ್ತಮ' ಎಂಬಲ್ಲಿ ಎರಡು ಸಲ ತಡವರಿಸಿದಳು.

ಡಾಕ್ಟ್ರು ಸೂರು ನೋಡುತ್ತಿದ್ದರು. ಬಯ್ಯಲಿ ಎಂದು ಆಕೆ ತಲೆ ತಗ್ಗಿಸಿ ಕಾದಳು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದರೂ ಸೈ ಎಂದುಕೊಂಡಳು. ಅವರು ಬಯ್ಯಲಿಲ್ಲ. ಮುಖವನ್ನು ಈಚೆ ತಿರುಗಿಸಿದರು. ಹೊಸದಾಗಿ ಶಾಲೆಗೆ ಸೇರಿದ ಮಗು ಮೇಷ್ಟ್ರನ್ನು ಕೇಳುವ ಹಾಗೆ, ಬಲು ಸಂಕೋಚದಿಂದ ಕೇಳಿದರು:

"ಉಪಕರಣದ್ದು ಬೇಡ ಅಕ್ಕಾ. ಆ ಮೊದಲನೇ ಮಾತಿದೆಯಲ್ಲ, ಕೆಲಸದ್ದು... ಅದೊಂದನ್ನ ಇನ್ನೊಂದ್ಸಲ ಓದ್ತೀಯಾ?"