ಗಿಟಾರಿನ ಮುಂದೆ ಮಂಗಳಾರತಿ

ಗಿಟಾರಿನ ತಂತಿ ಬಿಗಿ ಮಾಡುವಾಗ ಸ್ವರ ನಿಧಾನವಾಗಿ ಮೇಲೇರಿ ಒಂದು ಕಡೆ ಬಂದು ನಿಲ್ಲುತ್ತದಲ್ಲ, ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಅಂಗಳ ಕಣ್ಣಿಗೆ ಬರುತ್ತದೆ. ಹೋದ ಶನಿವಾರ ಸಂಜೆ ಬಸವನಗುಡಿಯಲ್ಲಿ, ಗೆಳೆಯನೊಬ್ಬನ ಮನೆಯ ಕಾಂಪೌಂಡಿನಲ್ಲಿ, ನನ್ನ ಮಗಳೂ ಅವಳ ಸ್ನೇಹಿತರೂ ಸೇರಿ ರಾಕ್ ಸಂಗೀತ ಇಟ್ಟುಕೊಂಡಿದ್ದರು. ತರಗುಪೇಟೆಯ ನಮ್ಮ ಬೇಳೆ ಅಂಗಡಿಯಲ್ಲಿ ಬೆಳಗಿನಿಂದ ನಿಂತು ದಣಿದ ಕಾಲು ನನ್ನದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನಿಗೆ ಕಣ್ಣು ತಾನಾಗಿ ಮುಚ್ಚಿತು. “ರೀ, ನಿದ್ದೆ ಮಾಡ್ಬೇಡಿ, ಮಗಳು ನೋಡ್ತಿದಾಳೆ” ಎಂದು ಹೆಂಡತಿ ಮೊಣಕೈಯಲ್ಲಿ ತಿವಿದಳು. ನಾನು ನಿದ್ದೆ ಮಾಡುತ್ತಿರಲಿಲ್ಲ. ಆ ಅಂಗಳಕ್ಕೆ ಹೋಗಿದ್ದೆ.

ನಮ್ಮ ಚಿಕ್ಕಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡೇ ಎಲೆಕ್ಟ್ರಿಕ್ ಗಿಟಾರ್ ಹಿಡಿಯುತ್ತಿದ್ದವನು. ಇನ್ನು ಅಂಗಡಿಗೆ ಬರುವುದಿಲ್ಲ, ರಾಕ್ ನುಡಿಸಿಕೊಂಡೇ ಬದುಕುತ್ತೇನೆ ಎಂದು ಅವನು ಹೇಳಿದ ದಿನದಿಂದ ಅಪ್ಪ ಅವನೊಡನೆ ಮಾತು ಬಿಟ್ಟಿದ್ದರು. ಊಟಕ್ಕೆ ಪಕ್ಕಪಕ್ಕದಲ್ಲೇ ಕೂರುತ್ತಿದ್ದರು. ಆದರೆ “ಅವನಿಗೆ ಸಾರು ಬೇಕಾ ಕೇಳು” ಎಂದು ನನ್ನ ಬಾಯಲ್ಲಿ ಕೇಳಿಸುತ್ತಿದ್ದರು. ಚಿಕ್ಕಪ್ಪ ಓಕಳಿಪುರಂನಲ್ಲಿ ರೂಮು ನೋಡಿಕೊಂಡ. ಮನೆ ಬಿಡುವ ಮುಂಚೆ ಅಂಗಳದಲ್ಲಿ ಒಂದು ಸಂಜೆ ನುಡಿಸಬೇಕು, ಅಣ್ಣ ಒಮ್ಮೆ ಎದುರಿಗೆ ಕೂತು ಕೇಳಬೇಕು, ಅವನಿಗಿದ್ದ ಆಸೆ ಇಷ್ಟೇ. ಆ ಸಂಜೆ ತಂತಿ ಬಿಗಿ ಮಾಡುತ್ತಲೇ “ನಿಮ್ಮಪ್ಪ ಈಚೆ ಬರ್ತಾರಾ ನೋಡೋ” ಎಂದು ನನ್ನನ್ನು ಒಳಗಟ್ಟಿದ. ಅಪ್ಪ ಬನಿಯನ್ನಿನಲ್ಲಿ ಕೂತು, ಬೆಳಿಗ್ಗೆ ಓದಿ ಮುಗಿಸಿದ ಪೇಪರನ್ನೇ ಮತ್ತೆ ಓದುತ್ತಿದ್ದರು.

ಜಮಖಾನ ಹಾಸಿದ್ದ ಅಂಗಳದಲ್ಲಿ ಚಿಕ್ಕಪ್ಪನ ಗೆಳೆಯರು, ನೆಂಟರು, ಅಕ್ಕಪಕ್ಕದವರು. ಡ್ರಮ್ಮಿನ ಹೊಡೆತಕ್ಕೆ ಅಡುಗೆಮನೆಯ ತಟ್ಟೆಗಳು ನಡುಗಿದವು. ಹೆಂಗಸರು ಸೆರಗಿನಲ್ಲಿ ಕಿವಿ ಮುಚ್ಚಿಕೊಂಡರೇ ಹೊರತು ಎದ್ದುಹೋಗಲಿಲ್ಲ. “ಬೇಳೆ ಮೂಟೆ ಮೆಟ್ಲ ಮೇಲಿಂದ ಉರುಳಿಸ್ದಂಗಿದೆ ಕಣೋ” ಎಂದಳು ಅಜ್ಜಿ, ಎಲ್ಲರಿಗಿಂತ ಮುಂದೆ ಕೂತುಕೊಂಡು. ಅವಳಿಗೆ ಗೊತ್ತಿದ್ದುದು ನಮ್ಮ ಮನೆಯ ಸೋಮವಾರದ ಭಜನೆ ಒಂದೇ. ಜನ ಸೇರಿ ಹಾಡಿದ ಮೇಲೆ ಮಂಗಳಾರತಿಯಾಗದೆ ಯಾರೂ ಏಳುವಂತಿಲ್ಲ. ಮಂಗಳ ಹಾಡಬೇಕಾದವನು ಹಿರಿಮಗ. ಒಂದು ಹಾಡಿನ ನಡುವೆ ಡ್ರಮ್ಮು ನಿಂತು ಗಿಟಾರ್ ಒಂದೇ ಮೆಲ್ಲಗೆ ನುಡಿಯತೊಡಗಿದಾಗ, ಅಜ್ಜಿ ಎಲ್ಲ ಮುಗಿಯಿತೆಂದುಕೊಂಡಳು. ಕರ್ಪೂರ ಹಚ್ಚಿ, ತಟ್ಟೆ ಹಿಡಿದು, ಚಿಕ್ಕಪ್ಪನ ಮುಂದೆ ಬಂದು ನಿಂತೇಬಿಟ್ಟಳು.

“ಅಮ್ಮಾ, ಇನ್ನೂ ಇದೆ, ಮುಗ್ದಿಲ್ಲ.”

“ಹಚ್ಚಿದ್ದು ಹಚ್ಚಾಯ್ತು. ಹಾಡೋನೆಲ್ಲಿ?”

ಡ್ರಮ್ಮಿನವನು ನಗು ತಡೆಯಲಾರದೆ ತಲೆ ತಗ್ಗಿಸಿದ. ನಮ್ಮವರು ಯಾರೂ ನಗಲಿಲ್ಲ. ಹಾಡಿಲ್ಲದೆ ಕರ್ಪೂರ ಆರಿದರೆ ಮನೆಗೆ ಒಳ್ಳೆಯದಲ್ಲವೆಂದು ನಂಬಿದವರು ನಾವು. ಎಲ್ಲರ ಕಣ್ಣೂ ಬಾಗಿಲ ಕಡೆ ಹೋಯಿತು. ಅಪ್ಪ ಬಂದರು. ಹೆಗಲಿಗೆ ಟವಲು ಹಾಕಿಕೊಂಡು, ಯಾರನ್ನೂ ನೋಡದೆ, ಕೈಮುಗಿದು ಮಂಗಳ ಎತ್ತಿಕೊಂಡರು. ಚಿಕ್ಕಪ್ಪ ತಡಕಾಡಿ ಆ ಸ್ವರ ಹಿಡಿದ. ಅಪ್ಪನ ಒರಟು ದನಿಯ ಹಿಂದೆಹಿಂದೆಯೇ ಗಿಟಾರು ನಡೆಯಿತು. ಆರತಿ ಮುಗಿದರೂ ಅಪ್ಪ ಒಳಗೆ ಹೋಗಲಿಲ್ಲ. ಜಮಖಾನದ ಅಂಚಿನಲ್ಲಿ ಕೂತು, ತಮ್ಮನ ಮುಖವನ್ನೇ ನೋಡಿ, “ಅರ್ಧಕ್ಕೆ ನಿಂತಿದ್ದನ್ನ ಮುಗ್ಸೋ” ಎಂದರು. ಮುಂದಿನ ಹಾಡಿಗೆ ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿದ್ದುದನ್ನು ಚಿಕ್ಕಪ್ಪನೂ ನೋಡಿದ, ನಾನೂ ನೋಡಿದೆ.

ಚಿಕ್ಕಪ್ಪ ಹೊರಟೇಹೋದ. ಅಂಗಡಿಗೆ ಕೈ ಸಾಲದೆ ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ತಕ್ಕಡಿ ಹಿಡಿದೆ. ಯಾರೂ ಬಲವಂತ ಮಾಡಿದ್ದಲ್ಲ. ಅಂದಿನಿಂದ ಯಾರ ಮುಂದೆಯೂ ಕೈಚಾಚಿದವನೂ ಅಲ್ಲ. ಅಜ್ಜಿ ಹೋದಳು, ಅಪ್ಪ ಹೋದರು, ಹೋದ ವರ್ಷ ಚಿಕ್ಕಪ್ಪನೂ ಹೋದ. ಅಂಗಳವಿದ್ದಲ್ಲಿ ಈಗ ಯಾರ್ಯಾರದೋ ಕಾರುಗಳು ನಿಲ್ಲುತ್ತವೆ. ನಿಮ್ಮ ಹಳೇ ಮನೆಗಳ ಕಥೆಯೂ ಹೀಗೇ ಇರಬಹುದು. ನನ್ನ ಮೇಲೆ ಮುನಿಸಿಕೊಂಡು ಮಾತು ಬಿಡುವಷ್ಟು ಹತ್ತಿರದವರು ಆ ಮನೆಯಿಂದ ಈಗ ಒಬ್ಬರೂ ಉಳಿದಿಲ್ಲ.